ಸಹಾಯ ಬೇಕು: ಕುಜ (ಮಂಗಳ ಗ್ರಹ) ಏಳನೇ ಮನೆಯಲ್ಲೋ, ಆರರಲ್ಲೋ?

ತಂಗಿಯ ಜಾತಕ ನೋಡಿ ನೋಡಿ ತಲೆ ಕೆಟ್ಟಿದೆ. ಸಿಂಹ ಲಗ್ನ (ಹುಟ್ಟಿದಾಗ ಪೂರ್ವದಲ್ಲಿ ಉದಯಿಸುತ್ತಿದ್ದ ರಾಶಿ) 27 ಡಿಗ್ರಿ, ಕುಂಭದಲ್ಲಿ ಕುಜ 20 ಡಿಗ್ರಿ. ರಾಶಿ ಕುಂಡಲಿಯಲ್ಲಿ ಸುಮ್ನೆ ಎಣಿಸಿದರೆ ಏಳನೇ ಮನೆ, ಅಂದರೆ ಮದುವೆಗೆ ತೊಡಕು ಅನ್ನುವ ಕುಜದೋಷ. ರಾಶಿಯ ಬದಲು ಲಗ್ನದ ಡಿಗ್ರಿಯಿಂದ ಮನೆಗಳನ್ನು (ಭಾವಗಳನ್ನು) ಲೆಕ್ಕ ಹಾಕುವ ಭಾವ ಕುಂಡಲಿಯಲ್ಲಿ, ಶ್ರೀಪತಿ ಪದ್ಧತಿ ಹಿಡಿದರೂ ಏಳೇ. ಕೆ.ಪಿ. (ಕೃಷ್ಣಮೂರ್ತಿ) ಪದ್ಧತಿಯಲ್ಲಿ ಮಾತ್ರ ಆರಕ್ಕೆ ಜಾರುತ್ತಾನೆ, ದೋಷವೇ ಇಲ್ಲ!

ಹುಟ್ಟಿದ ಸಮಯವನ್ನು ಹತ್ತು ನಿಮಿಷ ಹಿಂದೆ ಮುಂದೆ ಮಾಡಿದೆ, ಅಯನಾಂಶ (ರಾಶಿಚಕ್ರದ ಆರಂಭ ಬಿಂದುವಿಗೆ ಮಾಡುವ ತಿದ್ದುಪಡಿ) ಬದಲಿಸಿದೆ. ಉತ್ತರ ಅದೇ. ಶ್ರೀಪತಿಯಲ್ಲಿ ಲಗ್ನದ ಡಿಗ್ರಿ ಭಾವದ ಮಧ್ಯ, ಕೆ.ಪಿ.ಯಲ್ಲಿ ಅದೇ ಭಾವದ ಆರಂಭ; ಹಾಗಾಗಿ ಕೆ.ಪಿ.ಯಲ್ಲಿ ಏಳನೇ ಮನೆ ಶುರುವಾಗೋದೇ ಕುಂಭದ 27 ಡಿಗ್ರಿಗೆ. ವ್ಯತ್ಯಾಸ ಇಲ್ಲೇ ಅಂತ ಗೊತ್ತಾಯ್ತು, ಯಾವುದನ್ನು ಹಿಡಿಯೋದು ಅಂತ ಗೊತ್ತಾಗಲಿಲ್ಲ. ಅಮ್ಮ ಆಗಲೇ ದೋಷಕ್ಕೆ ಶಾಂತಿ ಪೂಜೆ ಮಾಡಿಸುವ ಮಾತು ಎತ್ತಿದ್ದಾರೆ.

ಕುಜದೋಷಕ್ಕೆ ನೀವು ರಾಶಿಯಿಂದ ಎಣಿಸ್ತೀರಾ, ಭಾವದಿಂದಲಾ? ಭಾವದಿಂದ ಅಂದರೆ ಯಾವ ಪದ್ಧತಿ, ಯಾಕೆ?