ಏಳು ವರ್ಷದ ಮಗುವಿಗೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 486, ಅಪ್ಪ ಅಮ್ಮನದು ನಾರ್ಮಲ್. ಇದು ಎಫ್‌ಎಚ್ (ವಂಶದಿಂದ ಬರುವ ಜಾಸ್ತಿ ಕೊಲೆಸ್ಟ್ರಾಲ್ ಕಾಯಿಲೆ) ಹೌದಾ?

ಗದಗದ ಚಿಕ್ಕಮ್ಮ:
ನಮ್ಮ ಅಕ್ಕನ ಮಗಳಿಗೆ ಹೋದ ವರ್ಷ ಮೊಣಕೈ ಮೇಲೆ ಅವರೆಕಾಳಿನಷ್ಟು ಹಳದಿ ಗಂಟುಗಳು ಎದ್ದವು. ನೋವಿಲ್ಲ, ತುರಿಕೆ ಇಲ್ಲ. ನರಹುಲಿ ಇರಬೇಕು ಅಂತ ಸುಮ್ಮನಿದ್ದೆವು. ಆಮೇಲೆ ಮೊಣಕಾಲಿಗೆ ಬಂದವು, ಹಿಮ್ಮಡಿಯ ಹಿಂದೆಯೂ ಬಂದವು. ಚರ್ಮದ ಡಾಕ್ಟರು ನೋಡಿದ ಕೂಡಲೇ ಕ್ಸಾಂಥೋಮಾ (ಚರ್ಮದಡಿ ಕೊಬ್ಬು ಸೇರಿ ಆಗುವ ಗಂಟು) ಅಂದರು, ರಕ್ತ ಪರೀಕ್ಷೆಗೆ ಬರೆದರು. ಎಲ್‌ಡಿಎಲ್ 486! ಹೋಮೋಜೈಗಸ್ ಎಫ್‌ಎಚ್ (ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದಿರೋದು) ಅಂತ ಹೇಳಿ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಶುರು ಮಾಡಿದ್ದಾರೆ. ಮೂರು ತಿಂಗಳಾದರೂ 460ರಲ್ಲೇ ಇದೆ.

ಅಕ್ಕನ ಎಲ್‌ಡಿಎಲ್ 104, ಮಾವನದು 118. (ಅಕ್ಕ ನಮ್ಮ ಸೋದರಮಾವನನ್ನೇ ಮದುವೆಯಾಗಿದ್ದಾಳೆ.) ಮಗುವಿಗೆ ತುಪ್ಪ, ಮೊಟ್ಟೆ ಎಲ್ಲ ಬಿಡಿಸಿದ್ದೇವೆ. ಪ್ಯಾಕೆಟ್ ಮೇಲೆ ಕೊಲೆಸ್ಟ್ರಾಲ್ ಇಳಿಸುತ್ತದೆ ಅಂತ ಬರೆದಿತ್ತು ಅಂತ ರೈಸ್ ಬ್ರಾನ್ ಎಣ್ಣೆಗೆ ಬದಲಾಯಿಸಿದೆವು. ಶಾಲೆ ಡಬ್ಬಿಗೆ ರೊಟ್ಟಿ, ಶೇಂಗಾ ಚಟ್ನಿ. ಇನ್ನೇನು ಮಾಡಬೇಕು, ಯಾರಾದರೂ ಹೇಳಿ.

ಮಂಡ್ಯದ ಅಮ್ಮ:
ಅಕ್ಕ, ಓದಿ ಎದೆ ಧಸಕ್ ಅಂತು. ನಮ್ಮ ಮಗನದೂ ಇದೇ ಕಥೆ. ಎಫ್‌ಎಚ್ ಅಂತಲೇ ಎರಡು ವರ್ಷ ಮಾತ್ರೆ ನುಂಗಿಸಿದೆವು, ಕೊನೆಗೆ ಜೀನ್ ಪರೀಕ್ಷೆಯಲ್ಲಿ ಸಿಟೊಸ್ಟೆರಾಲೇಮಿಯಾ ಅಂತ ಬಂತು, ಅಂದರೆ ಗಿಡದ ಸ್ಟೆರಾಲ್ ರಕ್ತದಲ್ಲಿ ಸೇರಿಕೊಳ್ಳುವ ಕಾಯಿಲೆ.

ಎಣ್ಣೆ, ಎಳ್ಳು, ಶೇಂಗಾ, ಬಾದಾಮಿ ಎಲ್ಲದರಲ್ಲೂ ಗಿಡದ ಸ್ಟೆರಾಲ್ ಇರುತ್ತದೆ, ನೋಡೋದಕ್ಕೆ ಕೊಲೆಸ್ಟ್ರಾಲ್ ಥರಾನೇ. ನಮ್ಮ ನಿಮ್ಮ ಕರುಳು ಅದರಲ್ಲಿ ನೂರಕ್ಕೆ ಐದರಷ್ಟನ್ನೂ ಒಳಗೆ ಉಳಿಸಿಕೊಳ್ಳೋದಿಲ್ಲ, ವಾಪಸ್ ತಳ್ಳುತ್ತದೆ. ಆ ಕೆಲಸ ಮಾಡೋದು ಎಬಿಸಿಜಿ5, ಎಬಿಸಿಜಿ8 ಅನ್ನೋ ಜೀನ್‌ಗಳು. ಇವುಗಳಲ್ಲಿ ಯಾವುದಾದರೂ ಒಂದು ಜೀನ್‌ನ, ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು ಅಂತ ಬಂದ ಎರಡೂ ಪ್ರತಿ ಕೆಟ್ಟಿದ್ದರೆ 15ರಿಂದ 60 ಪರ್ಸೆಂಟ್‌ವರೆಗೆ ಒಳಗೇ ನಿಂತುಬಿಡುತ್ತದೆ. ಮಾಮೂಲಿ ಲಿಪಿಡ್ ಪ್ರೊಫೈಲ್‌ಗೆ ಈ ವ್ಯತ್ಯಾಸ ಗೊತ್ತಾಗೋದಿಲ್ಲ, ಎರಡನ್ನೂ ಸೇರಿಸಿಯೇ ಲೆಕ್ಕ ಕೊಡುತ್ತದೆ.

ರೈಸ್ ಬ್ರಾನ್ ಎಣ್ಣೆಯಲ್ಲಿ ಈ ಸ್ಟೆರಾಲ್ ತುಂಬಾ ಜಾಸ್ತಿ. ಉಳಿದವರಿಗೆ ಅದೇ ಒಳ್ಳೆಯದು, ಇಂಥ ಮಕ್ಕಳಿಗೆ ಅದೇ ತೊಂದರೆ. ನಮ್ಮವನಿಗೆ ಎಜೆಟಿಮೈಬ್ (ಕರುಳು ಸ್ಟೆರಾಲ್ ಹೀರದಂತೆ ತಡೆಯುವ ಮಾತ್ರೆ) ಕೊಟ್ಟು ಊಟ ಬದಲಾಯಿಸಿದ ಮೇಲೆ ಎಲ್‌ಡಿಎಲ್ ಸರ್ರನೆ ಇಳಿಯಿತು. ಗಂಟುಗಳು ಕರಗೋದಕ್ಕೆ ಮಾತ್ರ ವರ್ಷದ ಮೇಲಾಯಿತು.

ಮಕ್ಕಳ ಡಾಕ್ಟರ್:
ಈ ತಾಯಿ ಹೇಳಿದ್ದು ಸರಿ. ಹೋಮೋಜೈಗಸ್ ಎಫ್‌ಎಚ್ ಆಗಿದ್ದರೆ ಸಾಮಾನ್ಯವಾಗಿ ಅಪ್ಪ ಅಮ್ಮ ಇಬ್ಬರ ಎಲ್‌ಡಿಎಲ್ ಕೂಡ ಜಾಸ್ತಿ ಇರಬೇಕು. ಆದರೆ ಅವರದು ನಾರ್ಮಲ್ ಇದೆ ಅಂದ ಮಾತ್ರಕ್ಕೆ ಇದು ಸಿಟೊಸ್ಟೆರಾಲೇಮಿಯಾನೇ ಅಂತಲೂ ಹೇಳೋದಕ್ಕಾಗೋದಿಲ್ಲ. ರಕ್ತದಿಂದ ಎಲ್‌ಡಿಎಲ್ ತೆಗೆಯೋದಕ್ಕೆ ನೆರವಾಗುವ ಎಲ್‌ಡಿಎಲ್‌ಆರ್‌ಎಪಿ1 ಜೀನ್ ಕೆಟ್ಟಾಗಲೂ ಹೀಗೇ ಇರುತ್ತದೆ, ಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಎರಡೂ ಬರಬಹುದು. ಎಲ್‌ಡಿಎಲ್‌ಆರ್‌ಎಪಿ1 ಕೆಟ್ಟಿದ್ದರೆ ಎಲ್‌ಡಿಎಲ್ ಸ್ಟಾಟಿನ್‌ಗೆ ಸಾಮಾನ್ಯವಾಗಿ ಚೆನ್ನಾಗಿ ಇಳಿಯುತ್ತದೆ, ನಿಮ್ಮ ಮಗುವಿಗೆ ಇಳಿದಿಲ್ಲ ಅನ್ನೋದನ್ನು ಡಾಕ್ಟರಿಗೆ ಒತ್ತಿ ಹೇಳಿ.

ಹಳೆಯ ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟ್ ಇದ್ದರೆ ತೆಗೆದು ನೋಡಿ. ಪ್ಲೇಟ್‌ಲೆಟ್ ಕಡಿಮೆ, ಅವುಗಳ ಗಾತ್ರ ದೊಡ್ಡದು, ಜೊತೆಗೆ ರಕ್ತಹೀನತೆ ಇದ್ದರೆ ಸಿಟೊಸ್ಟೆರಾಲೇಮಿಯಾ ಅನುಮಾನ ಗಟ್ಟಿಯಾಗುತ್ತದೆ. ಈ ಎಲ್ಲ ಜೀನ್‌ಗಳನ್ನೂ ಒಟ್ಟಿಗೆ ನೋಡುವ ಪರೀಕ್ಷೆ (ಜೀನ್ ಪ್ಯಾನೆಲ್) ಕೇಳಿ. ಗಿಡದ ಸ್ಟೆರಾಲ್ ಅಳೆಯೋದು ಗ್ಯಾಸ್ ಕ್ರೊಮಟೋಗ್ರಫಿ ಅನ್ನೋ ಲ್ಯಾಬ್ ವಿಧಾನದಲ್ಲಿ, ಅದಕ್ಕೆ ಈಗಿನ ರೈಸ್ ಬ್ರಾನ್ ಎಣ್ಣೆ ಬಿಡಿಸುವ ಮೊದಲೇ, ಎಜೆಟಿಮೈಬ್ ಶುರು ಮಾಡುವ ಮೊದಲೇ ರಕ್ತ ಕೊಡಿ. ಇಲ್ಲದಿದ್ದರೆ ಇಳಿದ ಅಂಕಿ ಸಿಕ್ಕಿ ಗೊಂದಲವಾಗುತ್ತದೆ. ಸ್ಟಾಟಿನ್ ಮಾತ್ರ ನೀವೇ ನಿಲ್ಲಿಸಬೇಡಿ. ಎಕೋ (ಹೃದಯದ ಸ್ಕ್ಯಾನ್) ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ, ಕಾಯಿಲೆ ಯಾವುದೇ ಆಗಿರಲಿ ಹೃದಯದ ಕವಾಟ, ರಕ್ತನಾಳ ನೋಡಲೇಬೇಕು.

ಉಡುಪಿ ಅಪ್ಪ:
ನಮ್ಮ ಮಗಳದು ಖಚಿತವಾದ ಹೋಮೋಜೈಗಸ್ ಎಫ್‌ಎಚ್. ನನ್ನದೂ ಹೆಂಡತಿಯದೂ ಎಲ್‌ಡಿಎಲ್ 200 ದಾಟಿತ್ತು, ಮಗಳ ರಿಪೋರ್ಟ್ ಬರುವವರೆಗೆ ನಮಗೇ ಗೊತ್ತಿರಲಿಲ್ಲ. ಮನೆಯಲ್ಲಿ ಇನ್ನೊಂದು ಮಗು ಇದ್ದರೆ ಅದಕ್ಕೂ ಈಗಲೇ ಪರೀಕ್ಷೆ ಮಾಡಿಸಿ. ನಮ್ಮ ಚಿಕ್ಕವನಿಗೆ ತಡ ಮಾಡಿದ್ದು ಇವತ್ತಿಗೂ ಚುಚ್ಚುತ್ತದೆ.

ಗದಗದ ಚಿಕ್ಕಮ್ಮ:
ಎಲ್ಲರಿಗೂ ಕೈ ಮುಗಿಯುತ್ತೇನೆ. ಎರಡು ವರ್ಷದ ಹಿಂದೆ ಜ್ವರ ಬಂದಾಗಿನ ರಿಪೋರ್ಟ್ ಹುಡುಕಿದೆ. ಪ್ಲೇಟ್‌ಲೆಟ್ 92,000. ಆಗ ಡೆಂಗ್ಯೂ ಅಂತ ಹೆದರಿದ್ದೆವು, ಟೆಸ್ಟ್ ನೆಗೆಟಿವ್ ಬಂದಿತ್ತು, ಅಲ್ಲಿಗೆ ಮರೆತೆವು. ಸೋಮವಾರ ಅವಳದೂ ತಮ್ಮನದೂ ರಕ್ತ ಕೊಡಿಸುತ್ತೇವೆ, ಎಕೋಗೂ ಹೇಳಿದ್ದೇವೆ. ಮಂಡ್ಯದ ತಂಗಿ, ನಿಮ್ಮ ಮಗನ ಡಬ್ಬಿಗೆ ಏನು ಕಟ್ಟುತ್ತೀರಿ ಅಂತ ಬರೆಯುತ್ತೀರಾ? ಇವಳು ಶೇಂಗಾ ಚಟ್ನಿ ಇಲ್ಲದೆ ರೊಟ್ಟಿ ಮುಟ್ಟೋದಿಲ್ಲ.