ಸಹಾಯ ಬೇಕು: ಹಳೇ ಆಟೋಮನ್ ಕತ್ತಿಯ ಮೇಲಿನ ಬರಹ ಓದುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಇರುವುದು ವಿಯೆನ್ನಾದಲ್ಲಿ. ಪಕ್ಕದ ಮನೆಯ ಅಜ್ಜಿ ಬೋಸ್ನಿಯಾದವರು. ಅವರ ಗಂಡನ ಮನೆತನದ ಒಂದು ಯತಗಾನ್ ಕತ್ತಿ ಇದೆ, ಹಿಡಿಯಲ್ಲಿ ಕಿವಿಯ ಹಾಗೆ ಎರಡು ಚಾಚು ಇರುತ್ತಲ್ಲ, ಅದು. ಅಲಗಿನ ಮೇಲೆ ಬೆಳ್ಳಿ ತಂತಿ ಕೂರಿಸಿ ಕತ್ತಿ ಮಾಡಿದವನ, ಒಡೆಯನ ಹೆಸರು ಬರೆದಿದ್ದಾರೆ. ಕಣ್ಣು ಮುಚ್ಚುವ ಮೊದಲು ಆ ಹೆಸರುಗಳು ಗೊತ್ತಾಗಬೇಕು ಅಂತ ಅಜ್ಜಿಗೆ ತುಂಬಾ ಆಸೆ.

ಬರಹ ಇರುವುದು ಆಟೋಮನ್ ಕಾಲದ ಟರ್ಕಿಶ್ ಭಾಷೆಯಲ್ಲಿ, ಲಿಪಿ ಮಾತ್ರ ಅರೇಬಿಕ್. ಮೊಬೈಲ್ ಆ್ಯಪ್ ಅದನ್ನು ಅರೇಬಿಕ್ ಭಾಷೆ ಅಂದುಕೊಂಡು ಏನೇನೋ ಹೇಳಿತು. ಟರ್ಕಿಯ ಸಹೋದ್ಯೋಗಿಗೆ ತೋರಿಸಿದೆ. 1928ರಲ್ಲಿ ಅವರ ಲಿಪಿಯೇ ಅರೇಬಿಕ್‌ನಿಂದ ಲ್ಯಾಟಿನ್‌ಗೆ ಬದಲಾಯಿತಲ್ಲ, ಅವರಿಗೆ ಓದಲು ಬರಲಿಲ್ಲ. ಕೊನೆಗೆ ಸಿರಿಯಾದ ಗೆಳೆಯ ಒಂದೊಂದೇ ಅಕ್ಷರ ಬಿಡಿಸಿ ಕೊಟ್ಟ. 'ಅಮೆಲ್-ಇ' ಅಂದರೆ 'ಇಂಥವನ ಕೆಲಸ', ಅದರ ಮುಂದೆ ಮಾಡಿದವನ ಹೆಸರು ಬರುತ್ತದೆ; 'ಸಾಹಿಬ್' ಅಂದರೆ ಒಡೆಯ, ನಮ್ಮ ಸಾಹೇಬ ಪದವೇ. ಒಡೆಯನ ಹೆಸರು ಉಸ್ಮಾನ್, ಅದು ಸ್ಪಷ್ಟ.

ಸಿಕ್ಕಿಕೊಂಡಿರುವುದು ಎರಡು ಕಡೆ. ಮಾಡಿದವನ ಹೆಸರಿನ ಮೊದಲ ಅಕ್ಷರದ ಬೆಳ್ಳಿ ಉದುರಿದೆ, ಉಳಿದಿರುವುದು ಹ-ಮ-ದ ಮಾತ್ರ, ಹಾಗಾಗಿ ಅಹ್ಮದ್ ಇರಬಹುದು, ಮೆಹ್ಮದ್ ಕೂಡ ಇರಬಹುದು. ಇನ್ನೊಂದು ಹಿಜರಿ (ಇಸ್ಲಾಮಿಕ್ ಪಂಚಾಂಗದ) ವರ್ಷ. ಮೂರನೇ ಅಂಕಿ ಸವೆದು 2 ಅಥವಾ 3 ಅನ್ನುವಂತಿದೆ. 1221 ಆದರೆ ನಮ್ಮ ಲೆಕ್ಕದಲ್ಲಿ 1806-07, 1231 ಆದರೆ 1815-16.

ಬೀದರ್, ವಿಜಯಪುರದ ಪರ್ಷಿಯನ್ ಶಾಸನ ಓದುವವರು ಇಲ್ಲಿ ಇದ್ದೀರಿ ಅಲ್ವಾ? ಉಳಿದ ಗೀರಿನ ಗುರುತು ನೋಡಿ ಆ ಮೊದಲ ಅಕ್ಷರ ಅಲಿಫೋ (ಅಹ್ಮದ್‌ನ 'ಅ') ಮೀಮೋ (ಮೆಹ್ಮದ್‌ನ 'ಮ'), ಆ ಅಂಕಿ 2 ಅಥವಾ 3, ಇಷ್ಟು ಹೇಳಲು ಆಗುತ್ತದಾ? ಫೋಟೋ ಯಾವ ಕೋನದಿಂದ ತೆಗೆದು ಕಳಿಸಲಿ?