ಸಹಾಯ ಬೇಕು: ಚಿಂಚಿಲಾಗೆ ಹಿಪ್ಪುನೇರಳೆ ಕಡ್ಡಿ ಕೊಡಬಹುದೇ?

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಎರಡು ವರ್ಷದ ಒಂದು ಚಿಂಚಿಲಾ (ಇಲಿಯಂತೆ ಕಡಿಯುವ ಹಲ್ಲಿನ, ಮೆತ್ತನೆ ತುಪ್ಪಳದ ಪುಟ್ಟ ಸಾಕುಪ್ರಾಣಿ) ಇದೆ. ಇದರ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುವುದರಿಂದ, ತಿಮೊಥಿ ಒಣಹುಲ್ಲನ್ನು ಸದಾ ಇಟ್ಟಿದ್ದರೂ, ಕಡಿಯಲು ಗಟ್ಟಿಯಾದದ್ದೊಂದು ಬೇಕಾಗಿದೆ. ಹಲ್ಲುಗಳು ಸದ್ಯಕ್ಕೆ ಇರಬೇಕಾದ ಕಿತ್ತಳೆ ಬಣ್ಣದಲ್ಲೇ ಇವೆ, ಜೊಲ್ಲೂ ಸುರಿಯುತ್ತಿಲ್ಲ.

ಅಂಗಡಿಯಿಂದ ತಂದ ಬಣ್ಣದ ಮರದ ಆಟಿಕೆಯನ್ನು ಕಡಿದು ಮೂತಿಯೆಲ್ಲ ಕೆಂಪು ಮಾಡಿಕೊಂಡ ದಿನವೇ ಅದನ್ನು ಎಸೆದೆ. ಪ್ಲಾಸ್ಟಿಕ್ಕಿನದನ್ನು, ಚೂರುಗಳು ಹೊಟ್ಟೆಗೆ ಹೋದಾವೆಂಬ ಭಯದಿಂದ ತೆಗೆದುಬಿಟ್ಟೆ. ಮಾವು, ನಿಂಬೆ ಜಾತಿಯ ಮರಗಳು ಬೇಡವೆಂದು ಓದಿ ಕೈಬಿಟ್ಟೆ. ಸೇಬಿನ ಕಡ್ಡಿ ಒಳ್ಳೆಯದೆನ್ನುತ್ತಾರೆ, ಆದರೆ ನಾನು ಅದನ್ನು ಎಲ್ಲಿಂದ ತರಲಿ?

ಸುರಕ್ಷಿತವೆಂದು ಹೇಳುವ ಮರಗಳಲ್ಲಿ ಹಿಪ್ಪುನೇರಳೆಯೂ ಇದೆ, ಅದು ನಮ್ಮ ಹಿತ್ತಲಿನಾಚೆ ಕಣ್ಣು ಹಾಯುವಷ್ಟು ದೂರ ಬೆಳೆದಿದೆ. ರೇಷ್ಮೆ ಹುಳು ಸೊಪ್ಪು ತಿಂದು ಬಿಟ್ಟ ಬೆರಳು ಗಾತ್ರದ ಕಡ್ಡಿಗಳು ಪಕ್ಕದ ಮನೆಯ ಮುಂದೆ ರಾಶಿ ಬಿದ್ದಿರುತ್ತವೆ. ಆದರೆ ಹುಳು ಸಾಕುವ ಮನೆಯಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಬಳಸುವುದರಿಂದ ಆ ಕಡ್ಡಿಗಳನ್ನು ಮುಟ್ಟಲು ಧೈರ್ಯವಾಗಲಿಲ್ಲ. ತೋಟಕ್ಕೂ ಆಗಾಗ ಕೀಟನಾಶಕ ಹೊಡೆಯುತ್ತಾರೆ. “ಹುಳಕ್ಕೇ ಆಗೋ ಸೊಪ್ಪು ನಿಮ್ಮ ಇಲೀಗೆ ಆಗಲ್ವೇನಮ್ಮಾ?” ಎಂದು ಪಕ್ಕದ ಮನೆಯ ಅಜ್ಜಿ ನಗುತ್ತಾರೆ. ಸೊಪ್ಪಿಗೂ ತೊಗಟೆಗೂ ವ್ಯತ್ಯಾಸವಿದೆಯೆಂಬುದು ನನ್ನ ಅನುಮಾನ.

ಈ ಪ್ರಾಣಿಯನ್ನು ಸಾಕಿದವರು ಅಥವಾ ಪಶುವೈದ್ಯರು ದಯವಿಟ್ಟು ತಿಳಿಸಿ: ಔಷಧಿ ಹೊಡೆದು ಎಷ್ಟು ದಿನಗಳಾದ ಮೇಲೆ ತೋಟದ ಕಡ್ಡಿಯನ್ನು ಕತ್ತರಿಸಬಹುದು, ಅದನ್ನು ತೊಳೆದು, ಕುದಿಸಿ, ಒಣಗಿಸಿದರೆ ಸಾಕೇ ಅಥವಾ ತೊಗಟೆಯನ್ನೂ ಸುಲಿಯಬೇಕೇ?